ಮನೆಯವರು ವಾರಕ್ಕೊಂದು ದೇಶ ಸುತ್ತುವಾಗ ಸಂಸಾರ ಯಾವ ಊರಿನಲ್ಲಿರಬೇಕು? ಸಿಂಗಪುರ, ದುಬೈ, ಟೋಕಿಯೋ, ಬ್ಯಾಂಕಾಕ್‌ಗಳ ಹೋಲಿಕೆ

ಬ್ಯಾಂಕಾಕ್‌ನಲ್ಲಿದ್ದಾಗ ಒಂದು ರಾತ್ರಿ ಎರಡು ಗಂಟೆಗೆ ಮಗಳಿಗೆ ಜ್ವರ 104 ಡಿಗ್ರಿಗೆ ಏರಿತು. ಆಗ ಅವಳಿಗೆ ಮೂರು ವರ್ಷ. ನಮ್ಮವರು ಇಂಡೋನೇಷ್ಯಾದ ಸುರಬಾಯಾದಲ್ಲಿದ್ದರು. ಕಾರ್ಖಾನೆಗಳಲ್ಲಿ ಪ್ಯಾಕಿಂಗ್ ಯಂತ್ರ ಕೂರಿಸುವ ಕೆಲಸ ಅವರದು. ತಿಂಗಳಲ್ಲಿ ಹದಿನೈದು ದಿನ ಮನೆಯಲ್ಲಿ ಇರುವುದಿಲ್ಲ. ಫೋನ್ ಮಾಡಿದೆ, ಹತ್ತಲಿಲ್ಲ. ಟ್ಯಾಕ್ಸಿಯವನಿಗೆ ಆಸ್ಪತ್ರೆಯ ಹೆಸರು ಹೇಳಿದರೆ ನನ್ನ ಉಚ್ಚಾರಣೆ ಅವನಿಗೆ ತಿಳಿಯಲಿಲ್ಲ. ಕೊನೆಗೆ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಓಡಿ ಬಂದು ಥಾಯ್ ಭಾಷೆಯಲ್ಲಿ ದಾರಿ ಹೇಳಿದರು. ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು.

ಆ ರಾತ್ರಿಯ ನಂತರ ನಾನು ಊರುಗಳನ್ನು ನೋಡುವ ರೀತಿಯೇ ಬದಲಾಯಿತು. ಕಂಪನಿ ಊರು ಆರಿಸುವಾಗ ಗ್ರಾಹಕರು ಎಲ್ಲಿದ್ದಾರೆ, ವಿಮಾನ ಎಷ್ಟಿವೆ, ತೆರಿಗೆ ಎಷ್ಟು ಅಂತ ನೋಡುತ್ತದೆ. ನಾವೂ ಸಂಬಳದ ಅಂಕಿ ನೋಡಿ ಹೂಂ ಅಂದುಬಿಡುತ್ತೇವೆ. ಆದರೆ ಆ ಊರಿನಲ್ಲಿ ದಿನಾ ಬದುಕುವವರು ಮನೆಯಲ್ಲಿ ಉಳಿಯುವವರು. ಗಂಡನೋ ಹೆಂಡತಿಯೋ, ಯಾರಾದರೂ ಸರಿ. ಅವರು ಮಕ್ಕಳ ಜೊತೆ ಒಬ್ಬರೇ ಇರುವ ಒಂದು ಸಾಮಾನ್ಯ ಮಂಗಳವಾರ ಹೇಗಿರುತ್ತದೆ? ನಾನು ಊರುಗಳನ್ನು ಹೋಲಿಸುವುದು ಈ ಪ್ರಶ್ನೆಯಿಂದ.

ನಾನು ಬ್ಯಾಂಕಾಕ್‌ನಲ್ಲಿ ಮೂರು ವರ್ಷ, ಟೋಕಿಯೋದಲ್ಲಿ ಎರಡು ವರ್ಷ ಇದ್ದೆ. ಸಿಂಗಪುರದಲ್ಲಿ ಇದು ಆರನೇ ವರ್ಷ. ದುಬೈಯಲ್ಲಿ ನನ್ನ ತಂಗಿಯ ಸಂಸಾರ ಇದೆ. ಅವಳ ಬಾಣಂತನಕ್ಕೆ ಹೋಗಿ ಅಲ್ಲಿ ಮೂರು ತಿಂಗಳು ಇದ್ದು ಬಂದೆ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಇಲ್ಲಿರುವ ಅಂಕಿಗಳನ್ನು ಸಹಿ ಹಾಕುವ ಮೊದಲು ಆಯಾ ಸರ್ಕಾರದ ತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಸಿಂಗಪುರ: ಒಬ್ಬರೇ ಇರಲು ಸುಲಭ, ಒಬ್ಬರ ಸಂಬಳದಲ್ಲಿ ಇರಲು ಕಷ್ಟ

ತಿರುಗಾಟದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಊರು ಆಗ್ನೇಯ ಏಷ್ಯಾದಲ್ಲಿ ಇಲ್ಲ. ಕೌಲಾಲಂಪುರ ಒಂದು ಗಂಟೆ, ಜಕಾರ್ತಾ ಎರಡು ಗಂಟೆಯೊಳಗೆ, ಹೋ ಚಿ ಮಿನ್ ಸಿಟಿ ಎರಡು ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬಂದು ಮಲಗಬಹುದು. ನಮ್ಮವರು ಬ್ಯಾಂಕಾಕ್‌ನಲ್ಲಿದ್ದಾಗ ಜಕಾರ್ತಾ ಅಂದರೆ ಎರಡು ರಾತ್ರಿ ಹೊರಗೆ. ಇಲ್ಲಿಂದ ಎಷ್ಟೋ ಸಲ ಒಂದು ರಾತ್ರಿಯೂ ಇಲ್ಲ. ತಿಂಗಳ ಲೆಕ್ಕ ಹಾಕಿದಾಗ ಮಕ್ಕಳಿಗೆ ಅಪ್ಪ ನಾಲ್ಕೈದು ದಿನ ಜಾಸ್ತಿ ಸಿಕ್ಕರು. ಇದನ್ನು ಯಾವ ಸಂಬಳದ ಪಟ್ಟಿಯೂ ತೋರಿಸುವುದಿಲ್ಲ.

ಮನೆಯಲ್ಲಿ ಉಳಿಯುವವರಿಗೂ ನೆಮ್ಮದಿ. ಎಲ್ಲಾ ಕಡೆ ಇಂಗ್ಲಿಷ್ ನಡೆಯುತ್ತದೆ. ಎಂಆರ್‌ಟಿ ರೈಲು, ಬಸ್ಸು ಇರುವುದರಿಂದ ಕಾರು ಬೇಕಿಲ್ಲ. ರಾತ್ರಿ ಹನ್ನೊಂದಕ್ಕೆ ಮಗುವನ್ನು ಎತ್ತಿಕೊಂಡು ಒಬ್ಬಳೇ ನಡೆದುಹೋದರೂ ಭಯ ಇಲ್ಲ. ಕೆಕೆ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ದಿನದ 24 ಗಂಟೆಯೂ ಮಕ್ಕಳ ತುರ್ತು ಚಿಕಿತ್ಸೆ ಇದೆ. ಸೆರಂಗೂನ್ ರಸ್ತೆಗೆ ಹೋದರೆ ಕರಿಬೇವಿನಿಂದ ಹಿಡಿದು ಬಾಳೆ ಎಲೆಯವರೆಗೆ ಸಿಗುತ್ತದೆ. ಅಲ್ಲೇ 2013ರಿಂದ ಎಂಟಿಆರ್ ಕೂಡ ಇದೆ. ಭಾನುವಾರ ಅಲ್ಲಿ ಸಾಲಿನಲ್ಲಿ ನಿಂತಾಗ ಹಿಂದೆ ಮುಂದೆ ಕನ್ನಡ ಕೇಳುವುದು ಎಂಥ ಖುಷಿ ಅಂತ ಹೊರಗಿದ್ದವರಿಗೇ ಗೊತ್ತು.

ಇನ್ನು ಕಷ್ಟದ ಮಾತು. ಎಂಪ್ಲಾಯ್‌ಮೆಂಟ್ ಪಾಸ್ ಅನ್ನುವ ಕೆಲಸದ ವೀಸಾ ಇರುವವರು ಹೆಂಡತಿ ಮಕ್ಕಳನ್ನು ಕರೆಸಬೇಕಾದರೆ ತಿಂಗಳಿಗೆ ಕನಿಷ್ಠ 6,000 ಸಿಂಗಪುರ ಡಾಲರ್ ಸಂಬಳ ಇರಬೇಕು. ಅಪ್ಪ ಅಮ್ಮ ದೀರ್ಘ ಕಾಲ ಬಂದಿರಬೇಕಾದರೆ 12,000. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 2021ರ ಮೇ ತಿಂಗಳವರೆಗೆ, ಹೀಗೆ ಕುಟುಂಬದವರಿಗೆ ಕೊಡುವ ಡಿಪೆಂಡೆಂಟ್ ಪಾಸ್ ಮೇಲೆ ಬಂದವರು ಒಂದು ಒಪ್ಪಿಗೆ ಪತ್ರ ಪಡೆದು ಕೆಲಸ ಮಾಡಬಹುದಿತ್ತು. ಈಗ ಹಾಗಿಲ್ಲ. ಅವರಿಗೂ ತಮ್ಮದೇ ಕೆಲಸದ ಪಾಸ್ ಬೇಕು, ಅದರ ಸಂಬಳದ ಮಿತಿ ಮುಟ್ಟಬೇಕು. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಬಿಟ್ಟು ಬಂದು ಇಲ್ಲಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಮೊದಲ ಆರು ತಿಂಗಳು ಮನೆ ಜೋಡಿಸುವ ಉತ್ಸಾಹ. ಆಮೇಲೆ ಗಂಡ ಊರಲ್ಲಿಲ್ಲ, ಮಗು ಶಾಲೆಗೆ ಹೋಗಿದೆ, ಕೈಯಲ್ಲಿ ಕೆಲಸ ಇಲ್ಲ. ದಯವಿಟ್ಟು ಇದನ್ನು ಹೊರಡುವ ಮೊದಲೇ ಕೂತು ಮಾತಾಡಿ.

ಬಾಡಿಗೆಯೂ ಜಾಸ್ತಿ. 2022, 2023ರಲ್ಲಿ ಅದು ಏರಿದ ರೀತಿ ನೋಡಿ ಎಷ್ಟೋ ಕುಟುಂಬಗಳು ಖಾಸಗಿ ಕಾಂಡೋ ಅಪಾರ್ಟ್‌ಮೆಂಟ್ ಬಿಟ್ಟು ಸರ್ಕಾರಿ ಎಚ್‌ಡಿಬಿ ಫ್ಲ್ಯಾಟ್‌ಗಳಿಗೆ ಬಂದವು. ನಾವೂ ಹಾಗೇ ಮಾಡಿದೆವು. ಈಜುಕೊಳ ಹೋಯಿತು. ಆದರೆ ಕೆಳಗೇ ಕಾಫಿ ಅಂಗಡಿ, ಮಾರುಕಟ್ಟೆ, ಮಾತಾಡಿಸುವ ಅಕ್ಕಪಕ್ಕದವರು ಸಿಕ್ಕರು. ಒಬ್ಬರೇ ಇರುವವರಿಗೆ ಈಜುಕೊಳಕ್ಕಿಂತ ಇವು ದೊಡ್ಡವು. ಎರಡು ವರ್ಷದ ಕರಾರು ಮಾಡುವಾಗ ಡಿಪ್ಲೊಮ್ಯಾಟಿಕ್ ಕ್ಲಾಝ್ ಅನ್ನುವ ಷರತ್ತು ಸೇರಿಸಲು ಮರೆಯಬೇಡಿ. ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ, ಕೆಲಸ ಹೋಗಿ ದೇಶ ಬಿಡಬೇಕಾದರೆ ಎರಡು ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಲು ಅದು ಅವಕಾಶ ಕೊಡುತ್ತದೆ. ಯಾಕೆ ಅಷ್ಟು ಮುಖ್ಯ ಅಂದರೆ, ಕೆಲಸ ಹೋದರೆ ಇಲ್ಲಿ ಉಳಿಯಲು ಸಿಗುವುದು 30 ದಿನ ಮಾತ್ರ. ಅಷ್ಟರಲ್ಲಿ ಶಾಲೆ, ಮನೆ, ಸಾಮಾನು ಎಲ್ಲಾ ಮುಗಿಸಬೇಕು.

ಭಾಷೆಯ ವಿಷಯಕ್ಕೆ ಬಂದರೆ, ಸ್ಥಳೀಯ ಶಾಲೆಗಳಲ್ಲಿ ಮಾತೃಭಾಷೆಯಾಗಿ ತಮಿಳಿನ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಇಲ್ಲ. ಕನ್ನಡ ಮನೆಯ ಮಕ್ಕಳು ತಮಿಳೋ ಹಿಂದಿಯೋ ಕಲಿಯುತ್ತಾರೆ. ಭಾರತದ ಪಠ್ಯ ಬೇಕೆಂದರೆ ಜಿಐಐಎಸ್, ಎನ್‌ಪಿಎಸ್ ಇಂಟರ್‌ನ್ಯಾಷನಲ್‌ನಂಥ ಶಾಲೆಗಳಿವೆ.

ದುಬೈ: ಊರಿಗೆ ಹತ್ತಿರ, ಬಿಸಿಲಿಗೂ ಹತ್ತಿರ

ತಂಗಿಯ ಮನೆಯಲ್ಲಿ ನನಗೆ ಮೊದಲು ಹಿಡಿಸಿದ್ದು ಗಡಿಯಾರ. ಭಾರತಕ್ಕಿಂತ ದುಬೈ ಒಂದೂವರೆ ಗಂಟೆ ಹಿಂದೆ. ಹಾಸನದಲ್ಲಿ ಅಮ್ಮ ಊಟ ಮುಗಿಸಿ ರಾತ್ರಿ ಎಂಟೂವರೆಗೆ ಫೋನ್ ಹಿಡಿದರೆ ಅಲ್ಲಿ ಏಳು ಗಂಟೆ. ಮಕ್ಕಳು ಎಚ್ಚರ ಇರುತ್ತಾರೆ, ಅಜ್ಜಿ ಕಥೆ ಕೇಳುತ್ತಾರೆ. ಸಿಂಗಪುರ ಎರಡೂವರೆ ಗಂಟೆ ಮುಂದೆ, ಟೋಕಿಯೋ ಮೂರೂವರೆ. ಅಮ್ಮನಿಗೆ ಬಿಡುವಾಗುವ ಹೊತ್ತಿಗೆ ನನ್ನ ಮಕ್ಕಳು ನಿದ್ದೆಯಲ್ಲಿರುತ್ತಾರೆ. ಇದು ಸಣ್ಣ ವಿಷಯ ಅನಿಸಬಹುದು. ವರ್ಷಗಟ್ಟಲೆ ಹೀಗೇ ಆದರೆ ಅಜ್ಜಿ ಮೊಮ್ಮಕ್ಕಳ ನಡುವಿನ ಮಾತು ಭಾನುವಾರಕ್ಕೆ ಸೀಮಿತವಾಗುತ್ತದೆ.

ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಮಂಗಳೂರಿನಿಂದಲೂ ನೇರ ವಿಮಾನ ಇದೆ. ಕರಾವಳಿಯ ಮನೆಗಳಿಗೆ ಗಲ್ಫ್ ಅಂದರೆ ಹೊರದೇಶ ಅನ್ನುವ ಭಾವನೆಯೇ ಕಡಿಮೆ, ಅಲ್ವಾ? ಆಸ್ಪತ್ರೆಗೆ ಹೋದರೆ ಭಾರತದ ವೈದ್ಯರು, ನರ್ಸ್‌ಗಳು ಸಿಗುತ್ತಾರೆ. ಹಿಂದಿ, ಮಲಯಾಳಂ ಎಲ್ಲಾ ಕಡೆ ನಡೆಯುತ್ತದೆ. ಮಕ್ಕಳ ಕನ್ನಡಕ್ಕೆ ನಾನು ನೋಡಿದ ಊರುಗಳಲ್ಲಿ ದುಬೈಯೇ ಮೇಲು. ಕನ್ನಡ ಮಿತ್ರರು ಬಳಗದವರು ನಡೆಸುವ ಕನ್ನಡ ಪಾಠಶಾಲೆಯಲ್ಲಿ ತಂಗಿಯ ಮಗ ಅಕ್ಷರ ಕಲಿತ. ಈಗ ಅವನು ಅಜ್ಜಿಗೆ ಕನ್ನಡದಲ್ಲೇ ಮೆಸೇಜ್ ಬರೆಯುತ್ತಾನೆ. ನನ್ನ ಮಕ್ಕಳಿಗೆ ಅದು ಇನ್ನೂ ಬಂದಿಲ್ಲ.

ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಗಂಡನ ವೀಸಾ ಮೇಲಿರುವ ಹೆಂಡತಿ ಕೆಲಸ ಮಾಡಬಹುದು, ಕೆಲಸ ಕೊಡುವವರು ಪರ್ಮಿಟ್ ಮಾಡಿಸಬೇಕು. ಸಿಂಗಪುರಕ್ಕೆ ಹೋಲಿಸಿದರೆ ಇದೊಂದೇ ಎಷ್ಟೋ ಮನೆಗಳ ತೀರ್ಮಾನ ಬದಲಿಸುತ್ತದೆ.

ಆದರೆ ಬಾಡಿಗೆಯನ್ನು ಮುಂಗಡ ಚೆಕ್‌ಗಳಲ್ಲಿ ಕೊಡಬೇಕು. ವರ್ಷಕ್ಕೆ ಒಂದು, ಎರಡು, ನಾಲ್ಕು ಚೆಕ್, ಹೀಗೆ. ಹೋದ ಹೊಸತರಲ್ಲೇ ದೊಡ್ಡ ಮೊತ್ತ ಕೈಯಲ್ಲಿರಬೇಕು. ಡ್ರೈವಿಂಗ್ ಬಾರದವರಿಗೆ ಬೇಸಿಗೆ ಬಹಳ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಹತ್ತು ನಿಮಿಷ ನಡೆಯಲು ಆಗುವುದಿಲ್ಲ. ನಾನಿದ್ದ ಮೂರು ತಿಂಗಳಲ್ಲಿ ಭಾವ ರಿಯಾದ್‌ಗೆ ಹೋದಾಗಲೆಲ್ಲ ಮನೆಗೆ ಬೇಕಾದ್ದೆಲ್ಲ ಫೋನ್‌ನಲ್ಲೇ ತರಿಸಬೇಕಾಯಿತು. ತಂಗಿ ಆಮೇಲೆ ಲೈಸೆನ್ಸ್ ತೆಗೆದುಕೊಂಡಳು. ಅದು ಬಂದ ದಿನ ಅವಳ ಧ್ವನಿಯೇ ಬೇರೆ ಆಗಿತ್ತು.

ತಿರುಗಾಟದವರು ಗಮನಿಸಬೇಕಾದ ಒಂದು ವಿಷಯ ಇದೆ. 2022ರಿಂದ ಯುಎಇಯಲ್ಲಿ ವಾರಾಂತ್ಯ ಶನಿವಾರ, ಭಾನುವಾರ. ಸೌದಿ, ಕತಾರ್, ಕುವೈತ್, ಒಮಾನ್‌ಗಳಲ್ಲಿ ಶುಕ್ರವಾರ, ಶನಿವಾರ. ಗ್ರಾಹಕರು ಸೌದಿಯಲ್ಲಿದ್ದರೆ ಭಾನುವಾರ ಬೆಳಿಗ್ಗೆ ಕೆಲಸ ಶುರು. ಅಂದರೆ ಶನಿವಾರ ರಾತ್ರಿಯೇ ಹೊರಡಬೇಕು. ಮಕ್ಕಳ ಜೊತೆ ಇಡೀ ದಿನ ಸಿಗುವುದು ಶನಿವಾರ ಒಂದೇ. ಕಂಪನಿಯ ಜೊತೆ ಮಾತಾಡುವಾಗ, ಭಾನುವಾರ ದುಡಿದರೆ ಶುಕ್ರವಾರ ರಜೆ ಕೊಡುತ್ತೀರಾ ಅಂತ ಮೊದಲೇ ಕೇಳಿ. ಜೊತೆಗೆ, ದೀರ್ಘಾವಧಿಯ ಗೋಲ್ಡನ್ ವೀಸಾ ಇರುವವರನ್ನು ಬಿಟ್ಟು ಉಳಿದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸದ ವೀಸಾ ರದ್ದಾಗುತ್ತದೆ. ಬಾಣಂತನಕ್ಕೋ ಅಪ್ಪ ಅಮ್ಮನ ಕಾಯಿಲೆಗೋ ಊರಿಗೆ ಬಂದು ಕೂರುವವರು ದಿನ ಎಣಿಸಿಕೊಳ್ಳಬೇಕು.

ಟೋಕಿಯೋ: ಮೊದಲ ವರ್ಷ ಅಳು, ಬಿಡುವಾಗಲೂ ಅಳು

ಟೋಕಿಯೋ ಬಗ್ಗೆ ಜನ ಹೆದರಿಸುವುದು ಭಾಷೆಯ ವಿಷಯಕ್ಕೆ. ಹೆದರಿಕೆ ಸುಳ್ಳಲ್ಲ. ಶಾಲೆಯಿಂದ, ವಾರ್ಡ್ ಕಚೇರಿಯಿಂದ ಬರುವ ಕಾಗದ ಎಲ್ಲಾ ಜಪಾನಿ. ಕಸವನ್ನು ಯಾವ ದಿನ ಯಾವ ಚೀಲದಲ್ಲಿ ಇಡಬೇಕು ಅನ್ನುವುದೂ ಜಪಾನಿ. ರಾತ್ರಿ ಮಗುವಿಗೆ ಹುಷಾರಿಲ್ಲದಾಗ ಸಲಹೆ ಕೇಳಲು #8000 ಅನ್ನುವ ಫೋನ್ ಸೇವೆ ಇದೆ, ಒಳ್ಳೆಯ ಸೇವೆ. ಆದರೆ ಜಪಾನಿ ಬಾರದಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಸಸ್ಯಾಹಾರಿಗಳಿಗೆ ಇನ್ನೂ ಒಂದು ಕಷ್ಟ. ತರಕಾರಿ ಸಾರಿಗೂ ದಾಶಿ ಅನ್ನುವ ಒಣಮೀನಿನ ರಸ ಬಿದ್ದಿರುತ್ತದೆ.

ಇಷ್ಟಿದ್ದೂ ನಾನು ಟೋಕಿಯೋವನ್ನು ಮೇಲಕ್ಕೇ ಇಡುತ್ತೇನೆ. ಮೊದಲ ಕಾರಣ ನಿಶಿ ಕಸಾಯ್. ಎದೊಗಾವಾ ವಾರ್ಡಿನ ಈ ಬಡಾವಣೆಗೆ 2000ದ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಭಾರತೀಯರು ಬರತೊಡಗಿದರು. ಈಗ ಅಲ್ಲಿ ಬೇಳೆ, ಹಿಟ್ಟು, ಹಬ್ಬ ಎಲ್ಲಾ ಇದೆ. ಟೋಕಿಯೋದಲ್ಲಿ ಭಾರತೀಯ ಪಠ್ಯದ ಎರಡು ಶಾಲೆಗಳಿವೆ: 2004ರಲ್ಲಿ ಶುರುವಾದ ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್, 2006ರಲ್ಲಿ ಬಂದ ಜಿಐಐಎಸ್. ನಮ್ಮವರು ಸೋಲ್‌ಗೋ ತೈಪೆಗೋ ಹೋದಾಗ ಕೆಳಗಿನ ಮನೆಯ ಅಕ್ಕ ಚಪಾತಿ ಕೊಟ್ಟು ಕಳಿಸುತ್ತಿದ್ದರು. ನಾನು ಅವರ ಮಗನನ್ನೂ ಶಾಲೆಯಿಂದ ಕರೆತರುತ್ತಿದ್ದೆ. ಬೇರೆ ಯಾವ ಊರಿನಲ್ಲೂ ನನಗೆ ಅಂಥ ಆಸರೆ ಅಷ್ಟು ಬೇಗ ಸಿಗಲಿಲ್ಲ.

ಎರಡನೇ ಕಾರಣ, ಮಕ್ಕಳಿಗೆ ಆ ಊರು ಕೊಡುವ ಧೈರ್ಯ. ಅಲ್ಲಿನ ಒಂದನೇ ತರಗತಿಯ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ತಾವೇ ಶಾಲೆಗೆ ನಡೆದು ಹೋಗುತ್ತವೆ. 23 ವಾರ್ಡ್‌ಗಳಲ್ಲಿ ಮಕ್ಕಳ ವಿಮೆಯೊಳಗಿನ ಚಿಕಿತ್ಸೆಗೆ ನಾವು ಕೈಯಿಂದ ಕೊಡಬೇಕಾದ್ದೇ ಇಲ್ಲ. ಡಿಪೆಂಡೆಂಟ್ ವೀಸಾದವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ನಾನು ಒಂದು ಕಡೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟೆ. ದುಡ್ಡು ಹೆಚ್ಚಲ್ಲ. ಮನಸ್ಸಿಗೆ ಬಹಳ ಹಿತವಾಯಿತು.

ಭೂಕಂಪದ ಬಗ್ಗೆ ಮುಚ್ಚಿಡುವುದಿಲ್ಲ. ಫೋನ್ ಏಕಾಏಕಿ ಕೂಗಿಕೊಂಡು ಮನೆ ಅಲುಗಾಡುವಾಗ ಗಂಡ ಬೇರೆ ದೇಶದಲ್ಲಿದ್ದರೆ ಎದೆ ಒಡೆದುಹೋದ ಹಾಗಾಗುತ್ತದೆ. ಬಾಗಿಲ ಬಳಿ ನೀರು, ಟಾರ್ಚ್, ಪಾಸ್‌ಪೋರ್ಟ್ ನಕಲು ಇರುವ ಚೀಲ ಸದಾ ಸಿದ್ಧ ಇರಬೇಕು. ದೊಡ್ಡ ಅನಾಹುತದ ಹೊತ್ತಿನಲ್ಲಿ 171ಕ್ಕೆ ಫೋನ್ ಮಾಡಿ ಮನೆಯವರಿಗೆ ಮಾತು ಬಿಟ್ಟಿಡಬಹುದು. ಹೋದ ಮೊದಲ ವಾರವೇ ಅದನ್ನು ಕಲಿಯಿರಿ.

ಮನೆ ಹಿಡಿಯುವಾಗ ಠೇವಣಿಯ ಜೊತೆ ಮಾಲೀಕರಿಗೆ ರೇಕಿನ್ ಅಂತ ವಾಪಸ್ ಬಾರದ ದುಡ್ಡೂ ಕೊಡಬೇಕಾಗುತ್ತದೆ. ಜಾಮೀನೂ ಬೇಕು. ಯುಆರ್ ಅನ್ನುವ ಸರ್ಕಾರಿ ವಸತಿ ಸಂಸ್ಥೆಯ ಮನೆಗಳಲ್ಲಿ ರೇಕಿನ್ ಇಲ್ಲ, ಜಾಮೀನುದಾರರೂ ಬೇಡ. ಕಟ್ಟಡ ಹಳೆಯದಾದರೂ ಮೊದಲು ಅಲ್ಲೇ ಕೇಳಿ. ಇನ್ನೊಂದು ಎಚ್ಚರಿಕೆ: ಸುಮಾರು ಶೇಕಡಾ 10ರ ನಿವಾಸ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬರುತ್ತದೆ. ಹಾಗಾಗಿ ಮೊದಲ ವರ್ಷ ಕೈಗೆ ಬಂದ ಸಂಬಳ ನೋಡಿ ಖರ್ಚು ಕಟ್ಟಿಕೊಂಡರೆ ಎರಡನೇ ವರ್ಷದ ಜೂನ್‌ನಲ್ಲಿ ಏಟು ಬೀಳುತ್ತದೆ. ನಮಗೆ ಬಿತ್ತು. ಭಾರತದ ಕಂಪನಿಯೇ ಕಳಿಸುತ್ತಿದ್ದರೆ, 2016ರಿಂದ ಜಾರಿಯಲ್ಲಿರುವ ಭಾರತ ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದದಡಿ ಐದು ವರ್ಷದವರೆಗೆ ಅಲ್ಲಿನ ಪಿಂಚಣಿ ಕಟ್ಟುವುದು ತಪ್ಪುತ್ತದೆ. ಇಪಿಎಫ್‌ಒದಿಂದ ಪ್ರಮಾಣಪತ್ರ ತರಿಸಿಕೊಳ್ಳಿ.

ಬ್ಯಾಂಕಾಕ್, ಹಾಂಗ್‌ಕಾಂಗ್: ಸ್ವಲ್ಪದರಲ್ಲಿ

ಬ್ಯಾಂಕಾಕ್‌ನಲ್ಲಿ ಖರ್ಚು ಕಡಿಮೆ, ಜನ ಮೃದು, ಮಕ್ಕಳನ್ನು ಕಂಡರೆ ಜೀವ ಬಿಡುತ್ತಾರೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಭಾಷಾಂತರ ಮಾಡುವವರೂ ಇದ್ದಾರೆ. ಕಷ್ಟ ಆಸ್ಪತ್ರೆ ತಲುಪುವ ದಾರಿಯಲ್ಲಿ. ಬಿಟಿಎಸ್ ರೈಲು ನಿಲ್ದಾಣಕ್ಕೆ ನಡೆಯುವಷ್ಟು ದೂರದಲ್ಲೇ ಮನೆ ಹಿಡಿಯಿರಿ. ಆಸ್ಪತ್ರೆಯ, ಮನೆಯ ವಿಳಾಸವನ್ನು ಥಾಯ್ ಲಿಪಿಯಲ್ಲಿ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ. ಆಂಬುಲೆನ್ಸ್‌ಗೆ 1669. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಗಾಳಿಯಲ್ಲಿ ಹೊಗೆ ತುಂಬುತ್ತದೆ. 2019ರ ಜನವರಿಯಲ್ಲಿ ಅದೇ ಕಾರಣಕ್ಕೆ ಶಾಲೆಗಳನ್ನೇ ಮುಚ್ಚಿದ್ದರು. ಉಬ್ಬಸ ಇರುವ ಮಗು ಇದ್ದರೆ ಈ ಊರನ್ನು ಬಿಟ್ಟುಬಿಡಿ ಅಂತಲೇ ನಾನು ಹೇಳುವುದು.

ತಿರುಗಾಡುವವರಿಗೆ ಅಲ್ಲಿ ಒಂದು ಗುಂಡಿ ಇದೆ. ರೀ-ಎಂಟ್ರಿ ಪರ್ಮಿಟ್ ಇಲ್ಲದೆ ದೇಶ ಬಿಟ್ಟರೆ ವಾಸದ ಅನುಮತಿ ಅಲ್ಲಿಗೇ ಮುಗಿಯುತ್ತದೆ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಹೋಗಿ ಬರಲು 3,800. ಮೊದಲ ದಿನವೇ ಎರಡನೆಯದನ್ನು ಮಾಡಿಸಿ. ಮನೆಯಲ್ಲಿ ಉಳಿಯುವವರು 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಕೆಲಸ ಮಾಡಬೇಕೆಂದರೆ ತಮ್ಮದೇ ವರ್ಕ್ ಪರ್ಮಿಟ್ ಬೇಕು. ಕೆಲಸ ಹೋದರೆ ವಾಸದ ಅನುಮತಿಯೂ ಅದರ ಜೊತೆಗೇ ಹೋಗುತ್ತದೆ.

ಹಾಂಗ್‌ಕಾಂಗ್‌ನಲ್ಲಿ ನಾನು ಇದ್ದಿಲ್ಲ, ಹಾಗಾಗಿ ಒಂದೇ ಮಾತು. ಉದ್ಯೋಗ ವೀಸಾದವರ ಗಂಡ ಅಥವಾ ಹೆಂಡತಿ ಅಲ್ಲಿ ಬೇರೆ ಅನುಮತಿ ಇಲ್ಲದೆ ಕೆಲಸ ಮಾಡಬಹುದು. ಇಬ್ಬರೂ ದುಡಿಯುವವರು, ಚಿಕ್ಕ ಮನೆಗೆ ಒಗ್ಗುವವರು ಅದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ.

ಊರಲ್ಲೇ ಉಳಿಯುವುದೂ ಒಂದು ಆಯ್ಕೆ

ಇದನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ತಿಂಗಳಲ್ಲಿ ಇಪ್ಪತ್ತು ದಿನ ತಿರುಗಾಟ ಅಂದರೆ, ಹೊರದೇಶದಲ್ಲಿ ಸಂಸಾರ ಹೂಡಿ ಗಂಡ ಹೆಂಡತಿ ಒಟ್ಟಿಗಿರುವುದು ಹತ್ತು ದಿನ. ಆ ಹತ್ತು ದಿನಕ್ಕಾಗಿ ಒಬ್ಬರು ಕೆಲಸ ಬಿಟ್ಟು, ಅಜ್ಜಿ ತಾತನಿಂದ ಮಕ್ಕಳನ್ನು ದೂರ ಮಾಡಿ ಹೋಗಬೇಕಾ? ಮಕ್ಕಳು ಏಳು, ಎಂಟನೇ ತರಗತಿ ದಾಟಿದ್ದರೆ, ಮನೆಯಲ್ಲಿ ಉಳಿಯುವವರಿಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಒಳ್ಳೆಯ ಕೆಲಸ ಇದ್ದರೆ, ಇಲ್ಲೇ ಇರುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಸಿಂಗಪುರ, ದುಬೈ, ಬ್ಯಾಂಕಾಕ್ ಮೂರಕ್ಕೂ ಬೆಂಗಳೂರಿನಿಂದ ನೇರ ವಿಮಾನ ಇದೆ, ಐದು ಗಂಟೆಯೊಳಗೆ. ಎರಡು ವಾರಕ್ಕೊಮ್ಮೆ ಬಂದುಹೋಗುವ ಟಿಕೆಟ್ ದುಡ್ಡನ್ನು ಕಂಪನಿಯಿಂದ ಬರೆಸಿಕೊಳ್ಳಿ. ಅಂತರರಾಷ್ಟ್ರೀಯ ಶಾಲೆಯ ಫೀಸಿಗಿಂತ ಅವರಿಗೂ ಅದು ಅಗ್ಗವೇ.

ಇಲ್ಲಿ ತೆರಿಗೆಯ ಲೆಕ್ಕ ಮಾತ್ರ ಹುಷಾರು. ವರ್ಷಕ್ಕೆ 182 ದಿನ ಭಾರತದಲ್ಲಿದ್ದರೆ ಇಲ್ಲಿನ ನಿವಾಸಿ. ಭಾರತದೊಳಗಿನ ಆದಾಯ 15 ಲಕ್ಷ ಮೀರಿದ ಅನಿವಾಸಿಗಳಿಗೆ ಊರಿಗೆ ಬಂದಿರುವ ದಿನಗಳ ಮಿತಿ 120ಕ್ಕೇ ಇಳಿಯಬಹುದು. ಪಾಸ್‌ಪೋರ್ಟ್ ಮುದ್ರೆಗಳ ಲೆಕ್ಕ ಇಟ್ಟುಕೊಂಡು ಸಿಎ ಹತ್ತಿರ ಕೂತು ಮಾತಾಡಿ.

ಹೋಗಿ ಮರಳಿ ಬರುವವರಿಗೂ ಒಂದು ಮಾತು. 2015ರ ಕಾನೂನಿನ ಪ್ರಕಾರ ಕರ್ನಾಟಕದ ಸಿಬಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಯಬೇಕು. ಯಾವ ಊರಿಗೆ ಹೋದರೂ ವಾರಕ್ಕೆ ಎರಡು ದಿನ ಅರ್ಧ ಗಂಟೆ ಅಕ್ಷರ ಬರೆಸಿ. ಮಾತು ಬಂದು ಓದು ಬಾರದ ಮಗು ಆರನೇ ತರಗತಿಗೆ ಬಂದು ಕೂತಾಗ ಪಡುವ ಕಷ್ಟವನ್ನು ನನ್ನ ಅಣ್ಣನ ಮನೆಯಲ್ಲಿ ನೋಡಿದ್ದೇನೆ.

ನಾನಾಗಿದ್ದರೆ

ಮನೆಯಲ್ಲಿ ಉಳಿಯುವವರಿಗೆ ಕೆಲಸ ಬೇಕೇ ಬೇಕು ಅಂದರೆ ದುಬೈ. ಮಕ್ಕಳು ಐದು ವರ್ಷದೊಳಗಿನವರು, ತಿರುಗಾಟ ಆಗ್ನೇಯ ಏಷ್ಯಾದಲ್ಲಿ, ಸಂಬಳದಲ್ಲಿ ಬಾಡಿಗೆ ಸೇರಿದೆ ಅಂದರೆ ಸಿಂಗಪುರ. ಬಾಡಿಗೆ ಕೊಡುವುದಿಲ್ಲ ಅಂದರೆ ಎರಡು ಸಲ ಯೋಚಿಸಿ. ಕನಿಷ್ಠ ಮೂರು ವರ್ಷ ಇರುವ ಮನಸ್ಸಿದ್ದು, ಭಾಷೆ ಕಲಿಯುವ ಉಮೇದು ಇದ್ದರೆ ಟೋಕಿಯೋ. ಒಂದೇ ವರ್ಷಕ್ಕೆ ಅಲ್ಲಿಗೆ ಹೋಗಬೇಡಿ, ಕಷ್ಟದ ಭಾಗ ಮಾತ್ರ ನಿಮ್ಮ ಪಾಲಿಗೆ ಬರುತ್ತದೆ. ಬ್ಯಾಂಕಾಕ್, ಮಕ್ಕಳಿಲ್ಲದ ದಂಪತಿಗೆ ಅಥವಾ ತಿಂಗಳಲ್ಲಿ ಐದಾರು ದಿನ ಮಾತ್ರ ತಿರುಗಾಟ ಇರುವವರಿಗೆ.

ಯಾವ ಊರಾದರೂ ಹೊರಡುವ ಮೊದಲು 60 ಪುಟದ ಪಾಸ್‌ಪೋರ್ಟ್ ಮಾಡಿಸಿ. 36 ಪುಟದ್ದು ನಮ್ಮವರಿಗೆ ನಾಲ್ಕು ವರ್ಷಕ್ಕೇ ತುಂಬಿತು. ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಶಾಲೆಯ ದಾಖಲೆ ಮೂರರಲ್ಲೂ ಮನೆಯಲ್ಲಿ ಉಳಿಯುವವರ ಹೆಸರು ಸೇರಿಸಲು ಕೇಳಿ. ಗಂಡ ಹೊರಗಿದ್ದಾಗ ಒಂದು ಸಹಿಗಾಗಿ ಒಂಬತ್ತು ದಿನ ಕಾದ ಅನುಭವ ನನಗಿದೆ.

ಕಂಪನಿ ಮನೆ ನೋಡಲು ಕರೆದೊಯ್ಯುವುದಾದರೆ ಇಬ್ಬರೂ ಹೋಗಿ. ಒಂದು ದಿನ ಮಾತ್ರ ಅವರು ಆಫೀಸಿಗೆ ಹೋಗಲಿ, ನೀವು ಮಗುವಿನ ಜೊತೆ ಒಬ್ಬರೇ ಹೊರಡಿ. ತರಕಾರಿ ತನ್ನಿ. ಹತ್ತಿರದ ಕ್ಲಿನಿಕ್ ಹುಡುಕಿ. ಶಾಲೆಯಿಂದ ಮನೆಗೆ ಬಸ್ಸಿನಲ್ಲಿ ಬನ್ನಿ. ಸಂಜೆ ಹೋಟೆಲ್‌ಗೆ ಮರಳಿ ಬಂದಾಗ ಮನಸ್ಸು ಏನು ಹೇಳುತ್ತದೋ ಅದನ್ನು ಅವತ್ತೇ ಅವರಿಗೆ ಹೇಳಿ.